ನಾಲ್ಕಾಳು ಬಾಕ್ಸು

ಚಾಮರಾಜಪೇಟೆಯ ನಮ್ಮ ವರ್ಕ್‌ಶಾಪಿನಲ್ಲಿ ಎರಕ ಹೊಯ್ಯುವ ಫೌಂಡ್ರಿಗಳಿಗೆ ಶೇಕಿಂಗ್ ಟೇಬಲ್ಲು ಮಾಡುತ್ತಿದ್ದೆವು. ನಾವೆಂದರೆ ನಾನು ಮತ್ತು ನನ್ನ ಬಾಮೈದ. ಕಬ್ಬಿಣದ ಬಾಕ್ಸಿನಲ್ಲಿ ತುಂಬಿದ ಮರಳಿನ ಅಚ್ಚಿನೊಳಗೆ ಎರಕ ಗಟ್ಟಿಯಾದ ಮೇಲೆ ಆ ಬಾಕ್ಸನ್ನು ಜಾಲರಿಯಂಥ ಟೇಬಲ್ಲಿನ ಮೇಲಿಡುತ್ತಾರೆ. ಅಡಿಯಲ್ಲಿರುವ ವೈಬ್ರೇಟರ್ ಮೋಟಾರುಗಳು ಗಡಗಡ ಅಲ್ಲಾಡಿಸಿದರೆ ಮರಳು ಕೆಳಗೆ ಉದುರಿ ಎರಕ ಮೇಲೆ ಉಳಿಯುತ್ತದೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೂ ಯಾವ ಟೇಬಲ್ಲಿಗೆ ಎಷ್ಟು ಬಲದ ಮೋಟಾರು ಎಂದು ಯಾರನ್ನೂ ಕೇಳಲು ಹೋದವನಲ್ಲ.

ಲೆಕ್ಕವೇನೂ ಕಷ್ಟದ್ದಲ್ಲ. ಟೇಬಲ್ಲು, ಬಾಕ್ಸು, ಮರಳು, ಎರಕ ಎಲ್ಲ ಸೇರಿದ ತೂಕಕ್ಕಿಂತ ಮೋಟಾರಿನ ಬಲ ಕೆಲವು ಪಟ್ಟು ಹೆಚ್ಚಿರಬೇಕು. ಕಮ್ಮಿಯಾದರೆ ಟೇಬಲ್ಲು ಹೊರೆ ಹೊತ್ತು ಸುಮ್ಮನೆ ಗುಂಯ್ ಎನ್ನುತ್ತದೆ. ಜಾಸ್ತಿಯಾದರೆ ಫ್ರೇಮು ಸೀಳುತ್ತದೆ. ಕಷ್ಟವಿರುವುದು ತೂಕ ತಿಳಿಯುವುದರಲ್ಲಿ. ಸಣ್ಣ ಫೌಂಡ್ರಿಗಳಲ್ಲಿ ಬಾಕ್ಸನ್ನು ಯಾರೂ ತೂಗುತ್ತಿರಲಿಲ್ಲ, ಎಷ್ಟು ಜನ ಎತ್ತುತ್ತಾರೆ ಎಂದು ಹೇಳುತ್ತಿದ್ದರು. ಎರಡಾಳು ಬಾಕ್ಸು, ನಾಲ್ಕಾಳು ಬಾಕ್ಸು. ನನಗೆ ಅಷ್ಟೇ ಸಾಕಿತ್ತು. ಆ ಲೆಕ್ಕದಲ್ಲಿ ಮಾಡಿದ ಟೇಬಲ್ಲು ಒಂದೂ ವಾಪಸ್ ಬಂದಿರಲಿಲ್ಲ.

ಈಗ ಎಲ್ಲರೂ ಕಂಪನಿಯ ರೆಡಿ ಮಷೀನನ್ನೇ ತರಿಸುತ್ತಾರೆ. ನಮಗೆ ಉಳಿದಿದ್ದ ಗಿರಾಕಿ ಊರಾಚೆಯ ಒಂದು ಹಳೇ ಫೌಂಡ್ರಿಯ ಯಜಮಾನರು ಮಾತ್ರ. ಹೋದ ವರ್ಷ ಅವರು ಹೊಸ ಟೇಬಲ್ಲು ಕೇಳಿದರು. ಇದು ಸರಿಹೋದರೆ ಮುಂದಿನ ಕೆಲಸವೂ ನಮಗೆ, ಹೋಗದಿದ್ದರೆ ಷಟರ್ ಎಳೆಯುವುದೇ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಫೋನಿನಲ್ಲೇ ಕೇಳಿದೆ, "ಬಾಕ್ಸು ಎಷ್ಟಾಳು ಯಜಮಾನ್ರೇ?"

"ಅದೇ ನಾಲ್ಕಾಳು ಮೇಸ್ತ್ರಿ. ನಿಮಗೆ ಗೊತ್ತಿಲ್ದೇ ಇರೋದಾ?"

ಬಾಮೈದ, "ಒಂದ್ಸಲ ಹೋಗಿ ನೋಡ್ಕೊಂಡ್ ಬಂದ್ಬಿಡೋಣ ಭಾವ" ಎಂದ.

"ನಂಗೇ ಹೇಳ್ಕೊಡ್ತೀಯೇನೋ?" ಎಂದೆ.

ಟೇಬಲ್ಲು ಕೂರಿಸಿದ ದಿನ ಮೊದಲ ಬಾಕ್ಸು ಸರಪಳಿಯಲ್ಲಿ ನೇತಾಡುತ್ತ ಬಂತು. ಎತ್ತುವ ಆಳುಗಳೇ ಇರಲಿಲ್ಲ. ಜನ ಸಿಗುವುದಿಲ್ಲವೆಂದು ಯಜಮಾನರು ಕ್ರೇನು ಹಾಕಿಸಿದ್ದರು. ಕ್ರೇನು ಬಂದ ಮೇಲೆ ಬಾಕ್ಸು ಎತ್ತರವಾಗುತ್ತ, ಭಾರವಾಗುತ್ತ ಹೋಗಿತ್ತು. ಎತ್ತಿ ನೋಡುವವರಿಲ್ಲದೆ ಅದು ಎಲ್ಲರ ಬಾಯಲ್ಲೂ ನಾಲ್ಕಾಳಾಗಿಯೇ ಉಳಿದಿತ್ತು. ಸ್ವಿಚ್ ಒತ್ತಿದೆವು. ಟೇಬಲ್ಲು ಗುಂಯ್ ಅಂದಿತು. ಒಂದು ಹಿಡಿ ಮರಳು ಉದುರಿತು.

"ಏನಣ್ಣ, ಜೋಗುಳ ಹಾಡ್ತೈತಾ?" ಎಂದ ಕ್ರೇನಿನವನು. ಎಲ್ಲರೂ ನಕ್ಕರು.

"ದೊಡ್ಡ ಮೋಟಾರು ಹಾಕ್ಬಿಡಿ ಮೇಸ್ತ್ರಿ, ಮುಗೀತಲ್ಲ" ಎಂದರು ಯಜಮಾನರು.

"ಈ ಫ್ರೇಮು ತಡೆಯಲ್ಲ. ಮೊದಲಿಂದ ಮಾಡ್ಬೇಕು. ಸ್ವಲ್ಪ ಟೈಮ್ ಕೊಡಿ."

"ಟೈಮ್ ಎಲ್ಲಿಂದ ತರ್ಲಿ?"

ನಮ್ಮೆದುರೇ ಕಂಪನಿಗೆ ಫೋನು ಮಾಡಿದರು. ಅತ್ತಲಿಂದ ತೂಕ ಕೇಳಿದರು. ಯಜಮಾನರು ಫೋನಿಗೆ ಕೈ ಅಡ್ಡ ಹಿಡಿದು, ಎಂದಿನ ಅಭ್ಯಾಸದಂತೆ ನನ್ನ ಕಡೆ ತಿರುಗಿದರು. "ಎಷ್ಟು ಅಂತ ಹೇಳ್ಲಿ?"

ಗುಜರಿ ಕಬ್ಬಿಣ ತೂಗಲು ಅಲ್ಲಿದ್ದ ನೇತುಹಾಕುವ ತಕ್ಕಡಿಯನ್ನು ಕ್ರೇನಿನ ಕೊಕ್ಕೆಗೆ ಸಿಕ್ಕಿಸಿ ಬಾಕ್ಸನ್ನು ತೂಗಿಸಿದೆ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಲೆಕ್ಕ ಮಾಡಿ, ತೂಕ, ಬೇಕಾದ ಮೋಟಾರಿನ ಬಲ ಎರಡನ್ನೂ ಹೇಳಿದೆ.

ವಾಪಸ್ ಬರುವಾಗ ಬಾಮೈದ ಬಸ್ಸಿನಲ್ಲಿ ಸಿಡುಕಿದ. "ಯಾಕ್ ಹೇಳಿದ್ರಿ ಭಾವ? ನಮ್ ಗುಂಡಿಗೆ ನಾವೇ ಅಳತೆ ಕೊಟ್ಟಂಗಾಯ್ತು."

"ಕೇಳಿದ್ರಲ್ಲೋ. ಗೊತ್ತಿದ್ದೂ ಗೊತ್ತಿಲ್ಲ ಅನ್ಲಾ?"

ಅವನು ಕಿಟಕಿಯ ಕಡೆ ತಿರುಗಿದ.

ಅವನೀಗ ಗೇಟು, ಗ್ರಿಲ್ಲು ಮಾಡುವವರ ಹತ್ತಿರ ವೆಲ್ಡಿಂಗಿಗೆ ಹೋಗುತ್ತಾನೆ. ವಾಪಸ್ ಬಂದ ಟೇಬಲ್ಲು ವರ್ಕ್‌ಶಾಪಿನ ಅರ್ಧ ಜಾಗ ಹಿಡಿದು ಕೂತಿದೆ. ಮೋಟಾರು ಬಿಚ್ಚಿ ಮಾರಿದ್ದಾಯಿತು. ಮೊನ್ನೆ ಗುಜರಿಯವನು ಬಂದು ಸುತ್ತ ನೋಡಿ, "ನಾನೇ ಕಟ್ ಮಾಡ್ಕೊಂಡ್ ಹೋಗ್ತೀನಿ ಬಿಡಿ" ಎಂದ. ಬೇಡ, ನಾನೇ ಕತ್ತರಿಸಿ ಇಡುತ್ತೇನೆ ಎಂದೆ. ಬೆಸುಗೆ ಚೆನ್ನಾಗಿ ಕೂತಿದೆ, ಅದು ಅವನ ಕೈಲಾಗುವ ಕೆಲಸವಲ್ಲ.