ಬೀಗದ ಫೋನು, ಬಾಗಿಲ ಫೋನು

ಫೋನ್ ವ್ಯಾಪಾರದವರಲ್ಲಿ ಅತ್ತಿಗೆ ಎಂದರೆ ಗೊತ್ತಿಲ್ಲದವರಿಲ್ಲ. ಸ್ವಂತ ಮೈದುನನೇ ಎದುರಾಳಿ ಕಂಪನಿಯಲ್ಲಿ ಕೂತು ಬಾಯ್ತುಂಬ ಹಾಗೆ ಕರೆಯುವಾಗ ಉಳಿದವರು ಇನ್ನೇನೆಂದು ಕರೆದಾರು? ಆಫೀಸು, ಆಸ್ಪತ್ರೆ, ಗೋದಾಮುಗಳ ಸಿಬ್ಬಂದಿಗೆಲ್ಲ ಒಟ್ಟಾಗಿ ಸ್ಮಾರ್ಟ್‌ಫೋನ್ ಒದಗಿಸುವುದು ಇಬ್ಬರ ಕೆಲಸವೂ ಹೌದು. ಆದರೆ ಫೋನಿನೊಳಗೆ ಕೂತು ಎಲ್ಲವನ್ನೂ ನಡೆಸುವ ಆಪರೇಟಿಂಗ್ ಸಿಸ್ಟಮ್ ಇದೆಯಲ್ಲ, ಅದು ಆಕೆಯದು ಒಂದು, ಅವನದು ಇನ್ನೊಂದು. ಅವೆರಡೂ ಎಣ್ಣೆ ಸೀಗೆಕಾಯಿ.

ಅವಕ್ಕೆ ಮನೆಯಲ್ಲಿ ನಾಮಕರಣ ಮಾಡಿದವರು ಅತ್ತೆ. ಸೊಸೆಯ ಫೋನು ಹೆಜ್ಜೆಹೆಜ್ಜೆಗೂ ಅಪ್ಪಣೆ ಕೇಳುತ್ತದೆ, ಅದು ಬೀಗದ ಫೋನು. ಮಗನದು ಯಾರು ಏನು ತುಂಬಿದರೂ ಬೇಡವೆನ್ನುವುದಿಲ್ಲ, ಅದು ಬಾಗಿಲ ಫೋನು. ಅತ್ತೆ ಬಟ್ಟೆ ಹೊಲಿಯುವವರು. ಕಿಟಕಿಯ ಪಕ್ಕದ ಯಂತ್ರದ ಮುಂದೆ ಕೂತರೆಂದರೆ ಜಪ್ಪಯ್ಯ ಅಂದರೂ ಏಳುವವರಲ್ಲ. ಹೊಸ ಗಿರಾಕಿಯ ಬಳಿ ಹೋಗುವ ಮುನ್ನ ಇಬ್ಬರೂ ತಂತಮ್ಮ ಫೋನನ್ನು ಅವರ ಕೈಗೆ ಕೊಟ್ಟು ಪರೀಕ್ಷೆ ಮಾಡಿಸುವುದು ರೂಢಿ. ಅವರು ಎಲ್ಲಿ ತಡವರಿಸುತ್ತಾರೋ ಗಿರಾಕಿಯೂ ಅಲ್ಲೇ ತಡವರಿಸುತ್ತಾನೆ. ಎರಡೂ ಹೊರಗಿನಿಂದ ಒಂದೇ ಥರ ಕಪ್ಪಗಿದ್ದುದರಿಂದ ಅತ್ತೆ ಬೀಗದ ಫೋನಿಗೆ ಗುರುತಿಗೆಂದು ಒಂದು ಕೆಂಪು ದಾರ ಕಟ್ಟಿದ್ದರು. ಪರೀಕ್ಷೆ ಮುಗಿದ ಮೇಲೆ ತಾವೇ ಹೊಲಿದ ಚೀಲಗಳಿಗೆ, ಸೊಸೆಯದನ್ನು ನೀಲಿಗೆ, ಮಗನದನ್ನು ಬೂದು ಬಣ್ಣದ್ದಕ್ಕೆ, ಹಾಕಿ ಕೊಡುವರು.

ರಾತ್ರಿ ಊಟಕ್ಕೆ ಕೂತರೆ ಅತ್ತಿಗೆ ಮೈದುನರ ಕಿತ್ತಾಟ ನೋಡಬೇಕು. ಗಂಡ ಬೇಕರಿಯವನು. ಇದಕ್ಕೆಲ್ಲ ತಲೆ ಹಾಕದೆ ತಟ್ಟೆ ಖಾಲಿ ಮಾಡಿ ಎದ್ದುಬಿಡುತ್ತಿದ್ದ.

ಆ ಕಿತ್ತಾಟವೂ ನಿಂತುಹೋದ ಕಾಲ ಬಂತು. ಮನೆ ಸಾಮಾನು ಸಾಗಿಸುವ ದೊಡ್ಡ ಕಂಪನಿಯೊಂದು ತನ್ನ ಜನರಿಗೆಲ್ಲ ಹೊಸ ಫೋನು ಕೊಡಿಸಲು ಹೊರಟಿತು. ಈ ಗಿರಾಕಿ ಕೈತಪ್ಪಿದರೆ ಊರಿನ ಆಫೀಸಿಗೆ ಬೀಗ, ದೂರದ ಊರಿಗೆ ವರ್ಗ ಎಂದು ಆಕೆಯ ಮೇಲಧಿಕಾರಿ ಹೇಳಿದ. ಅವನ ಮೇಲಧಿಕಾರಿಯೂ ಅದನ್ನೇ ಹೇಳಿದ. ಅಂದರೆ ಇಬ್ಬರಲ್ಲಿ ಒಬ್ಬರು ಮನೆ ಬಿಡಲೇಬೇಕು. ಅತ್ತಿಗೆಗೆ ಈ ಮನೆಯೆಂದರೆ ಪಂಚಪ್ರಾಣ. ಮೈದುನನಿಗೂ ಅಷ್ಟೇ. ಮಾತು ನಿಂತಿತು. ಒಂದೇ ಸ್ಕೂಟರಿನಲ್ಲಿ ಹೋಗುತ್ತಿದ್ದವರು ಬೇರೆ ಬೇರೆ ಬಸ್ಸು ಹತ್ತತೊಡಗಿದರು. ಅತ್ತೆ ಮಾತ್ರ ಏನೂ ಆಗಿಲ್ಲವೆಂಬಂತೆ ಹೊಲಿಯುತ್ತಿದ್ದರು.

ಫೋನು ತೋರಿಸಲು ಗೊತ್ತುಮಾಡಿದ್ದ ದಿನ ಬೆಳಿಗ್ಗೆ ಸಾಮಾನು ಸಾಗಿಸುವ ಕಂಪನಿಯ ಯಜಮಾನಿ ಮೊದಲು ಅತ್ತಿಗೆಯನ್ನು ಒಳಕ್ಕೆ ಕರೆದಳು. ಮೈದುನ ಹೊರಗೆ ಬೆಂಚಿನ ಮೇಲೆ ಕೂತ. ಅತ್ತಿಗೆ ನೀಲಿ ಚೀಲದಿಂದ ಫೋನು ತೆಗೆದಳು. ಕೆಂಪು ದಾರವಿಲ್ಲ! ಜೀವ ಬಾಯಿಗೆ ಬಂತು. ಅದು ಅವನ ಫೋನು. ಅತ್ತೆ ಪರೀಕ್ಷೆ ಮಾಡಿದ ಹಾಗೇ ತೆರೆದೇ ಇತ್ತು. ಯಜಮಾನಿಗೆ ಅವನು ಏನು ತೋರಿಸಲಿದ್ದಾನೆ, ಏನು ಹೇಳಲಿದ್ದಾನೆ, ಎಲ್ಲ ಒಂದು ಬೆರಳಿನ ದೂರದಲ್ಲಿತ್ತು. ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು. ಬೆರಳು ಮುಂದೆ ಹೋಯಿತು ಕೂಡ. ಆದರೆ ನಿನ್ನೆ ರಾತ್ರಿ ತಲೆ ತಗ್ಗಿಸಿ ಉಣ್ಣುತ್ತಿದ್ದ ಅವನ ಮುಖ ನೆನಪಾಯಿತು. ಫೋನನ್ನು ಬೋರಲು ಹಾಕಿ, "ಒಂದ್ನಿಮಿಷ ಮೇಡಂ" ಎಂದು ಎದ್ದು ಬಾಗಿಲು ತೆರೆದಳು.

ಅವನು ಬಾಗಿಲಲ್ಲೇ ನಿಂತಿದ್ದ. ಕೈಯಲ್ಲಿ ಕೆಂಪು ದಾರದ ಫೋನು.

"ಅತ್ತಿಗೆ, ನಿಮ್ದು ನನ್ ಹತ್ರ ಬಂದ್ಬಿಟ್ಟಿದೆ. ದೇವ್ರಾಣೆಗೂ ಒಳಗೆ ನೋಡಿಲ್ಲ."

"ನೋಡಿರಲ್ಲ ಬಿಡೋ, ನಂಗೊತ್ತಿಲ್ವಾ? ಅಮ್ಮ ಅದಲು ಬದಲು ಮಾಡ್ಬಿಟ್ಟಿದಾರೆ."

ಎಷ್ಟೋ ದಿನದ ಮೇಲಿನ ಮಾತು. ಅವನ ಕಣ್ಣಲ್ಲಿ ನೀರಾಡಿತು, ಅವಳಿಗೆ ನಗು ಬಂತು. ಒಳಗಿಂದ ಯಜಮಾನಿ ಕೂಗಿದಳು: "ಏನ್ರೀ ಅದು, ಇಬ್ರೂ ಒಳಗೇ ಬನ್ನಿ!"

ಮೇಜಿನ ಮೇಲೆ ಎರಡು ಫೋನೂ ಪಕ್ಕಪಕ್ಕ ಕೂತವು. ಶಿಸ್ತಾಗಿ ಶುರುವಾದದ್ದು ಸ್ವಲ್ಪ ಹೊತ್ತಿಗೆಲ್ಲ ಮನೆಯ ಊಟದ ಹೊತ್ತಿನ ಜಗಳವಾಯಿತು.

"ಲಾರಿ ಡ್ರೈವರ್ರು ಒಂದು ಫೋಟೋ ಕಳಿಸ್ಬೇಕಾದ್ರೂ ನಿಮ್ ಬೀಗದ ಫೋನ್ ಮುಂದೆ ಕೈಕಟ್ಟಿ ನಿಲ್ಬೇಕು, ಅತ್ತಿಗೆ."

"ಆಫೀಸಿನೋರು ನಿನ್ ಬಾಗಿಲ ಫೋನು ದಾರೀಲಿ ಬೀಳ್ಸಿದ್ರೆ ಸಿಕ್ಕಿದವ್ನಿಗೆ ಗಿರಾಕಿ ಮನೆ ವಿಳಾಸ ಎಲ್ಲಾ ಸಿಗತ್ತಲ್ಲೋ, ಅದನ್ನ ಹೇಳು!"

"ಹೌದು, ಅದು ಮಾತ್ರ ನಿಮ್ದೇ ವಾಸಿ."

"ಫೋಟೋ ವಿಷ್ಯ ನಿಂದೇ ವಾಸಿ, ಒಪ್ಕೊಂಡೆ."

ಯಜಮಾನಿ ಕೆನ್ನೆಗೆ ಕೈಯಿಟ್ಟು ಕೇಳುತ್ತಿದ್ದಳು. "ಇಷ್ಟು ದಿನ ಬಂದೋರೆಲ್ಲ ತಮ್ದೇ ಹೊಗಳ್ಕೊಂಡು ತಲೆ ತಿಂದ್ರು. ನಿಜ ಕೇಳಿದ್ದು ಇವತ್ತೇ. ಆಫೀಸಿನೋರಿಗೆ ಬೀಗದ್ದು, ಲಾರಿಯೋರಿಗೆ ಬಾಗಿಲಿಂದು. ಆದ್ರೆ ಯಾವ್ದು ಕೆಟ್ರೂ ನಿಮ್ಮಿಬ್ರಲ್ಲಿ ಹತ್ರ ಇರೋರು ಬಂದು ನೋಡ್ಬೇಕು. ಇವರದು ಅವರದು ಅನ್ನೋ ಹಾಗಿಲ್ಲ."

ದೊಡ್ಡ ಗಿರಾಕಿ ಇಬ್ಬರಿಗೂ ಸಿಕ್ಕಿತು. ಎರಡು ಆಫೀಸೂ ಉಳಿದವು.

ಮನೆಗೆ ಒಂದೇ ಬಸ್ಸಿನಲ್ಲಿ ಬಂದರು. ಮೈದುನ ಅಣ್ಣನಿಗೆ ಸುದ್ದಿ ಹೇಳಲು ಬೇಕರಿಗೆ ಓಡಿದ. ಅತ್ತಿಗೆ ಒಳಗೆ ಬಂದು ಎಲ್ಲ ಒದರಿದಳು. ಹೇಳುತ್ತ ಹೇಳುತ್ತ ಕೈಯಲ್ಲಿದ್ದ ಫೋನಿನ ಕೆಂಪು ದಾರದ ಮೇಲೆ ಕಣ್ಣು ಬಿತ್ತು.

"ಅತ್ತೆ, ಈ ದಾರ ಕಟ್ಟಿದ್ದು ನೀವೇ. ಮತ್ತೆ ಹೇಗೆ ಅದಲು ಬದಲಾಯ್ತು?"

"ವಯಸ್ಸಾಯ್ತಲ್ಲ ಕಣೇ, ಕಣ್ಣು ಸರಿಯಾಗಿ ಕಾಣಲ್ಲ" ಎಂದರು ಅತ್ತೆ.

ಸಂಜೆಯ ಮಬ್ಬು ಬೆಳಕಿನಲ್ಲಿ, ಕನ್ನಡಕವೂ ಇಲ್ಲದೆ, ಅವರು ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿದರು.