ಗಾಲಿ ಅಂಗಳಕ್ಕೆ ಹಚ್ಚಿದ ಎಣ್ಣೆ

ನಂಜನಗೂಡಿನ ರೈಲು ಸ್ಟೇಷನ್ನಿಗೂ ಕಪಿಲೆಗೂ ನಡುವೆ ಒಂದು ಕಾಲಕ್ಕೆ ಆಟದ ತೋಟವಿತ್ತು, ಅದರೊಳಗೆ ಜನ ಕಾಲಿಗೆ ಗಾಲಿ ಕಟ್ಟಿಕೊಂಡು ಸುತ್ತುತ್ತಿದ್ದರು ಎಂದರೆ ನನ್ನ ಮೊಮ್ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅಜ್ಜಿಗೆ ಅರಳುಮರಳು ಎಂದು ಅವರ ಎಣಿಕೆ. ನನಗೆ ಅರಳುಮರಳು ಹಿಡಿದಿಲ್ಲ. ಆ ಅಂಗಳದ ನೆಲ ಬಡಿದ ಎಂಟು ಹೆಂಗಸರಲ್ಲಿ ನಾನೂ ಒಬ್ಬಳು, ಈಗ ಉಳಿದಿರುವವಳು ನಾನೊಬ್ಬಳೇ. ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ಮಗಳ ಹಳೆಯ ಸ್ಲೇಟಿನಲ್ಲಿ. ಕಲಿತದ್ದಕ್ಕೆ ಒಂದು ಉಪಯೋಗವಾಗಲಿ ಎಂದು ಇದನ್ನು ಬರೆಯಲು ಕೂತಿದ್ದೇನೆ. ನಮ್ಮತ್ತೆಯ ಹೆಸರಿಗೆ ಅಂಟಿದ ಒಂದು ಕಲೆಯನ್ನು ತೊಳೆಯುವುದೂ ಇದೆ.

ನಾನು ಮುಡುಕುತೊರೆಯ ಕಡೆಯವಳು, ಕಳಲೆಗೆ ಸೊಸೆಯಾಗಿ ಬಂದೆ. ಮನೆಯವರದು ಒಕ್ಕಲುತನ. ರಾಗಿ ಒಕ್ಕಣೆ ಮುಗಿದು ಹೊಲ ಬರಿದಾದ ಮೇಲೆ, ಮುಂಗಾರು ಬೀಳುವವರೆಗೆ, ಗಾರೆ ಕೆಲಸ. ನನ್ನ ಗಂಡ ಎತ್ತು ಕಟ್ಟಿ ಗಾಣದಲ್ಲಿ ಸುಣ್ಣ, ಮರಳು, ಇಟ್ಟಿಗೆ ಪುಡಿ ಅರೆಯುತ್ತಿದ್ದ. ಹೆಂಗಸರು ಅದನ್ನು ನೆಲಕ್ಕೆ ಹರಡಿ, ಬೆಲ್ಲದ ನೀರು ಚಿಮುಕಿಸಿ, ಸಾಲಾಗಿ ಕುಕ್ಕರಗಾಲಲ್ಲಿ ಕೂತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಿದ್ದೆವು. ಕೊನೆಗೆ ಒಬ್ಬಳು ಮಾತ್ರ ಹೊಳೆಯ ನುಣುಪುಗಲ್ಲು ಹಿಡಿದು ಇಡೀ ನೆಲವನ್ನು ಉಜ್ಜುತ್ತಾಳೆ. ಇದಕ್ಕೆ ಕಡೆಯ ಕೈ ಇಡುವುದು ಎನ್ನುತ್ತಿದ್ದೆವು. ನೆಲ ಯಾರದೆಂದು ಕೇಳಿದರೆ ಕಡೆಯ ಕೈ ಇಟ್ಟವಳ ಹೆಸರೇ ಹೇಳುವುದು. ಆ ನೆಲದ ಮೇಲೆ ಮೊದಲು ನಡೆಯುವವಳೂ ಅವಳೇ, ಮನೆಯವರು ರವಿಕೆ ಕಣ ಕೊಡುವುದೂ ಅವಳಿಗೇ. ಹಾಗೆಯೇ, ಮೊದಲ ದಿನ ಆ ನೆಲದ ಮೇಲೆ ಯಾರಾದರೂ ಜಾರಿ ಬಿದ್ದರೆ ಅವಳ ಕೈಗೆ ಇನ್ನು ಯಾರೂ ನೆಲ ಕೊಡುವುದಿಲ್ಲ. ನಮ್ಮ ಗುಂಪಿನಲ್ಲಿ ಕಡೆಯ ಕೈ ನಮ್ಮತ್ತೆಯದು. ಹೊಸಬಳಾದ ನನ್ನ ಪಾಲಿಗೆ ತಲೆಯ ಮೇಲೆ ಸುಣ್ಣದ ಮಂಕರಿ.

ಆಟದ ತೋಟ ಹಾಕಿದವನು ಬೆಂಗಳೂರು ದಂಡಿನ ಕಡೆಯ ಒಬ್ಬ ಸಾಹುಕಾರ. ಗುಂಡುಮುಖ, ಕೆಂಪು ರುಮಾಲು, ಮಾತೆತ್ತಿದರೆ ಮದರಾಸು. ದೇವಸ್ಥಾನಕ್ಕೆ ರೈಲಿನಲ್ಲಿ ಬರುವ ಜನ ಕೈಮುಗಿದ ಮೇಲೆ ಸಂಜೆಯವರೆಗೆ ಏನು ಮಾಡುತ್ತಾರೆ ಎಂಬ ಪ್ರಶ್ನೆ ಅವನಿಗೆ ಹೊಳೆದಿತ್ತಂತೆ. ಸುತ್ತುವ ಮರದ ಕುದುರೆಗಳು, ಮನುಷ್ಯನನ್ನು ಕುಂಬಳಕಾಯಿ ಮಾಡಿ ತೋರಿಸುವ ಕನ್ನಡಿಗಳು, ಉದ್ದುದ್ದ ಉಯ್ಯಾಲೆಗಳು, ಒಂದು ಸೋಡಾ ಅಂಗಡಿ, ಎಲ್ಲ ಇಟ್ಟ. ನಡುವೆ ತಗಡಿನ ಚಾವಣಿ ಹೊದಿಸಿ ಒಂದು ದೊಡ್ಡ ಚೌಕ. ಅದಕ್ಕೆ ಸ್ಕೇಟಿಂಗ್ ರಿಂಕ್ ಎಂದು ಬೋರ್ಡು ಬರೆಸಿದ. ಊರವರು ಗಾಲಿ ಅಂಗಳ ಎಂದು ಕರೆದರು. ಮರದ ಹಲಗೆ ಹಾಸಿ ನೋಡಿದನಂತೆ, ನಮ್ಮ ಬಿಸಿಲಿಗೆ ಅವು ಹಪ್ಪಳದಂತೆ ಸೊಟ್ಟಗಾದವು. ಆಗ ಯಾರೋ ಕಳಲೆಯ ಗಾರೆಯವರನ್ನು ಕರೆಸಿ ಎಂದರು.

ಅಷ್ಟಗಲದ ನೆಲವನ್ನು ನಾವು ಎಂದೂ ಬಡಿದಿರಲಿಲ್ಲ. ಅದೇ ಬೇಸಿಗೆಯಲ್ಲಿ ನರಸೀಪುರದ ಸಂಗಮದ ಹತ್ತಿರ ಹೊಸ ಛತ್ರವೊಂದು ಏಳುತ್ತಿತ್ತು. ಅದರ ಪಾರುಪತ್ತೆಗಾರರು, ಈ ನೆಲ ಚೆನ್ನಾಗಿ ಬಂದರೆ ಛತ್ರದ ಪಡಸಾಲೆಗಳೆಲ್ಲ ನಿಮಗೇ ಎಂದು ಹೇಳಿ ಕಳಿಸಿದ್ದರು. ನಮ್ಮ ಗುಂಪಿನ ಮನೆಗಳಿಗೆಲ್ಲ ಎರಡು ಬೇಸಿಗೆಯ ಕೆಲಸ ಅದು. ಅತ್ತೆ ಮೂರು ದಿನ ಕೂತು ಕಡೆಯ ಕೈ ಇಟ್ಟಳು. ಮುಗಿದಾಗ ನೆಲದ ಹೊಳಪಿನಲ್ಲಿ ತಗಡಿನ ಚಾವಣಿಯ ಮೊಳೆಗಳು ಕಾಣುತ್ತಿದ್ದವು. ತೋಟ ತೆರೆಯುವ ಹಿಂದಿನ ದಿನ ಮಧ್ಯಾಹ್ನ, ಉಳಿದವರು ಹೊಂಗೆ ಮರದ ಕೆಳಗೆ ಸೆರಗು ಹಾಸಿ ಮಲಗಿದ್ದಾಗ, ಅವಳು ನೆಂಟರ ಮನೆಯ ಕೂಸಿಗೆ ಹೆಸರಿಡುವುದಕ್ಕೆಂದು ಚಿಕ್ಕಯ್ಯನಛತ್ರವೆಂಬ ಊರಿಗೆ ಹೊರಟಳು.

"ಒಂದ್ ಕಿತಾ ತೊಳ್ದು ಬುಟ್ಬುಡಿ. ಇನ್ನೇನೂ ಮಾಡ್ಬ್ಯಾಡಿ," ಎಂದು ನನ್ನೊಬ್ಬಳಿಗೆ ಹೇಳಿ ಹೋದಳು.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ನಾನು ಆ ಅಗಸ. ದೊಡ್ಡ ಮನೆಗಳ ನೆಲಕ್ಕೆ ಕೊನೆಯಲ್ಲಿ ಹರಳೆಣ್ಣೆ ಹಚ್ಚಿ ಬಟ್ಟೆಯಲ್ಲಿ ತಿಕ್ಕುವುದನ್ನು ನೋಡಿದ್ದೆ. ಹಚ್ಚಿದ ಮೇಲೆ ನೆಲ ಕನ್ನಡಿ. ಈ ನೆಲಕ್ಕೂ ಹಚ್ಚಿಟ್ಟರೆ ಅತ್ತೆ ಬಂದು ನೋಡಿ ಬೆರಗಾಗುತ್ತಾಳೆ, ನನ್ನ ತಲೆಯ ಮಂಕರಿ ಇಳಿಸುತ್ತಾಳೆ, ಇಷ್ಟೇ ನನ್ನ ಬುದ್ಧಿಗೆ ಹೊಳೆದದ್ದು. ಉಳಿದವರು ಏಳುವಷ್ಟರಲ್ಲಿ ಒಂದು ತಂಬಿಗೆ ಹರಳೆಣ್ಣೆಯನ್ನು ಮೂಲೆಯಿಂದ ಮೂಲೆಗೆ ತಿಕ್ಕಿದೆ. ತಿಕ್ಕುವಾಗ ಹಾಡು ಬೇರೆ. ಎದ್ದವರು ಅತ್ತೆಯೇ ಹಚ್ಚಿ ಹೋಗಿದ್ದಾಳೆ ಎಂದುಕೊಂಡರು, ಅವಳು ಬರಲಿ ಎಂದು ನಾನೂ ಹೇಳಲಿಲ್ಲ. ಅದು ಗಾಲಿ ಉರುಳುವ ನೆಲ ಎನ್ನುವುದು ನನ್ನ ತಲೆಗೆ ಹೋಗಲೇ ಇಲ್ಲ. ಗಾಲಿ ಜೋಡನ್ನು ನಾನು ಕಣ್ಣಿಂದಲೂ ಕಂಡಿರಲಿಲ್ಲ.

ಮಾರನೆಯ ದಿನ ಇಡೀ ನಂಜನಗೂಡು ಅಲ್ಲಿ ನೆರೆದಿತ್ತು. ಅತ್ತೆಯೂ ಚಿಕ್ಕಯ್ಯನಛತ್ರದಿಂದ ನೇರವಾಗಿ ಅಲ್ಲಿಗೇ ಬಂದಳು. ನರಸೀಪುರದ ಪಾರುಪತ್ತೆಗಾರರು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಸಾಹುಕಾರ ಮದರಾಸಿನಿಂದ ಒಬ್ಬ ಗಾಲಿ ಮೇಷ್ಟರನ್ನು ಕರೆಸಿದ್ದ. ಸಣಕಲು ಮನುಷ್ಯ, ಬಿಗಿ ಷರಾಯಿ, ಮೀಸೆಗೆ ಮೇಣ. ಆತ ಜನರಿಗೆಲ್ಲ ತಲೆಬಾಗಿ, ಒಂದು ಕಾಲು ಮುಂದಿಟ್ಟ. ಇಟ್ಟ ಕಾಲು ತನ್ನ ಪಾಡಿಗೆ ತಾನು ಹೊರಟುಹೋಯಿತು. ಮೇಷ್ಟರು ಬೆನ್ನ ಮೇಲೆ ಬಿದ್ದು ಅರ್ಧ ಅಂಗಳ ಹಾಗೇ ಜಾರಿದರು. ಜನ ಇದೇ ಆಟವೆಂದು ತಿಳಿದು ಚಪ್ಪಾಳೆ ತಟ್ಟಿದರು. ಎದ್ದರು, ಮತ್ತೆ ಬಿದ್ದರು, ಈ ಸಲ ಮಣಿಕಟ್ಟು ಉಳುಕಿತು. ನೆಲ ಸರಿಯಿಲ್ಲ ಎಂದು ನರಳಿದರು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಹಂಗಿಸಿ ಸಾಹುಕಾರ ತಾನೇ ಗಾಲಿ ಕಟ್ಟಿಕೊಂಡು ಇಳಿದ. ಅವನು ಎರಡು ಹೆಜ್ಜೆಯನ್ನೂ ಹಾಕಲಿಲ್ಲ. ರುಮಾಲು ಒಂದು ಕಡೆ, ಅವನು ಒಂದು ಕಡೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದವರು ನಾವು ಎಂಟು ಹೆಂಗಸರು ಮಾತ್ರ.

ಅತ್ತೆ ಅಂಗಳದ ಅಂಚಿನಲ್ಲಿ ಬಗ್ಗಿ, ಬೆರಳಿನಿಂದ ನೆಲ ಸವರಿ, ಬೆರಳನ್ನು ಮೂಸಿದಳು. ಆಮೇಲೆ ತಲೆಯೆತ್ತಿ ನನ್ನ ಕೈಗಳನ್ನು ನೋಡಿದಳು. ನಾನು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

ಸಾಹುಕಾರ ಸೊಂಟ ಹಿಡಿದುಕೊಂಡು ಬಂದ. "ಯಾರಮ್ಮ ಇದಕ್ಕೆ ಕಡೆ ಕೈ ಇಟ್ಟಿದ್ದು?"

"ನಾನೇ ಸಾ," ಎಂದಳು ಅತ್ತೆ. "ಅರಳೆಣ್ಣೆ ಇಕ್ದೋಳೂ ನಾನೇ. ದೊಡ್ಮನೆ ನೆಲ ಅನ್ನೋ ಗ್ಯಾನದಲ್ಲಿ ಇಕ್ಬುಟ್ಟೆ."

ಪಾರುಪತ್ತೆಗಾರರು ಎದ್ದು ಬಂದರು. ಅವರೇನೂ ಕೆಟ್ಟವರಲ್ಲ, ಮೆತ್ತಗೆ ಮಾತಾಡುವವರು. "ಇಷ್ಟು ವರ್ಷದ ಕೈ ಅಂತ ನಂಬ್ಕೊಂಡು ಬಂದೆ ಕಣಮ್ಮ. ಛತ್ರಕ್ಕೆ ವಯಸ್ಸಾದೋರು ಬರ್ತಾರೆ, ಒದ್ದೆ ಕಾಲಲ್ಲಿ ಓಡಾಡ್ತಾರೆ. ನಿನ್ನ ಕೈಗೆ ಹ್ಯಾಗೆ ಕೊಡ್ಲಿ ಹೇಳು."

"ನನ್ ಕೈಗೆ ಬ್ಯಾಡಿ ಸಾ," ಎಂದು ಅತ್ತೆ ನನ್ನ ತೋಳು ಹಿಡಿದು ಮುಂದಕ್ಕೆಳೆದಳು. "ಇವ್ಳು ನನ್ ಸೊಸೆ. ಎಣ್ಣೆ ಬ್ಯಾಡ ಅತ್ತೆ ಅಂತ ಬಡ್ಕಂಡ್ಲು, ನಾನೇ ಕೇಳ್ನಿಲ್ಲ. ಎರಡ್ ದಿನ ಕೊಡಿ, ಇವ್ಳೇ ಸರಿ ಮಾಡ್ತಾಳೆ. ಸರಿಯಾದ್ರೆ ನಿಮ್ಮ ಛತ್ರಕ್ಕೆ ಇವ್ಳ ಕೈ ಇಡ್ಸಿ."

ನಾನು ಬಾಯಿ ತೆರೆದೆ. ಅವಳ ಉಗುರು ನನ್ನ ತೋಳಿನೊಳಕ್ಕೆ ಇಳಿಯಿತು. ಬಾಯಿ ಮುಚ್ಚಿದೆ. ಹೇಡಿತನ ಎನ್ನಿ, ಅಲ್ಲವೆನ್ನುವುದಿಲ್ಲ. ತವರಿಗೆ ಅಟ್ಟುತ್ತಾರೆ ಎಂಬ ಭಯ ನನಗೆ, ಇಷ್ಟು ಮನೆಗಳ ಕೆಲಸ ಕಳೆದವಳೆಂಬ ಹೆಸರು ಹೊತ್ತು ಬದುಕುವುದು ಹೇಗೆಂಬ ಭಯ.

ಆ ಎರಡು ದಿನ ಅತ್ತೆ ನೆಲ ಮುಟ್ಟಲಿಲ್ಲ. ಮುಟ್ಟಿದರೆ ಯಾರಾದರೂ ನೋಡುತ್ತಾರೆಂದು ಕಂಬಕ್ಕೊರಗಿ ಎಲೆ ಅಡಿಕೆ ಹಾಕಿಕೊಂಡು ಕೂತಳು. ಹೇಳಿಕೊಟ್ಟದ್ದು ಮಾತ್ರ ಅವಳೇ, ತಗ್ಗಿದ ದನಿಯಲ್ಲಿ. ಮೊದಲು ಒಲೆಯ ಬೂದಿ ಹರಡಿ ಎಣ್ಣೆ ಹೀರಿಸು. ಗುಡಿಸಿ ತೆಗೆ. ಬಿಸಿನೀರು, ಸೀಗೆಪುಡಿ ಹಾಕಿ ತಿಕ್ಕು. ಇನ್ನೊಂದು ಸಲ ಬೂದಿ. ಎರಡನೆಯ ದಿನ ನುಣ್ಣಗೆ ಜರಡಿಯಾಡಿದ ಇಟ್ಟಿಗೆ ಪುಡಿ ಉದುರಿಸಿ ಕಲ್ಲಿನಿಂದ ಉಜ್ಜು. ನನ್ನ ಅಂಗೈ ಸುಲಿದುಹೋಯಿತು. ಉಳಿದ ಹೆಂಗಸರು ನೀರು ಹೊತ್ತು ಕೊಟ್ಟರು, ಅತ್ತೆಯ ಕಡೆ ಓರೆನೋಟ ಬೀರುತ್ತ ಗೊಣಗಿದರು. ವಯಸ್ಸಾಯಿತು ಆಯಮ್ಮನಿಗೆ ಎಂದರು. ಅವಳಿಗೆ ಕೇಳಿಸಿತು. ಎಲೆಗೆ ಇನ್ನಷ್ಟು ಸುಣ್ಣ ಸವರಿಕೊಂಡಳು.

ಮೂರನೆಯ ದಿನ ಗಾಲಿ ಮೇಷ್ಟರು ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ನಾನು ಇಳಿಯುವುದಿಲ್ಲ ಎಂದು ಬೆಂಚಿಗೆ ಅಂಟಿಕೊಂಡರು. ಸಾಹುಕಾರನ ಸೊಂಟಕ್ಕೆ ಇನ್ನೂ ಶಾಖ ಕೊಡುತ್ತಿದ್ದರು.

"ಕಡೆ ಕೈ ಇಟ್ಟೋಳೇ ಮೊದ್ಲು ನಡೀಬೇಕು," ಎಂದಳು ಅತ್ತೆ. "ಕಟ್ಕಳಮ್ಮಿ."

ಕಬ್ಬಿಣದ ಚೌಕಟ್ಟು, ಅದಕ್ಕೆ ನಾಲ್ಕು ಮರದ ಗಾಲಿ, ಮೇಲೆ ಚರ್ಮದ ಪಟ್ಟಿ. ಹುಟ್ಟಿದಾಗಿನಿಂದ ಜೋಡು ಮೆಟ್ಟದ ಕಾಲು ನನ್ನದು, ಅಂಥ ಕಾಲಿಗೆ ಮೊದಲು ಮೆಟ್ಟಿದ್ದೇ ಗಾಲಿ ಜೋಡು. ಕೆಲಸ ಮುಗಿಸಿ ಕುಂಕುಮ ಇಟ್ಟ ನೆಲವನ್ನು ಚರ್ಮ ಕಟ್ಟಿಕೊಂಡು ತುಳಿಯುವುದಕ್ಕೆ ಮನಸ್ಸು ಒಪ್ಪದೆ, ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಸೀರೆಯನ್ನು ಕಚ್ಚೆ ಹಾಕಿ ಸಿಕ್ಕಿಸಿದೆ. ಅತ್ತೆ ಬರಿಗಾಲಲ್ಲಿ ಪಕ್ಕಕ್ಕೆ ನಿಂತು ನನ್ನ ಕೈ ಹಿಡಿದಳು.

ಮೊದಲ ಸುತ್ತು ಅವಳು ಎಳೆದಳು, ನಾನು ಗಡಿಗೆಯಂತೆ ಹಿಂದೆ ಹೋದೆ. ಗಾಲಿ ನೆಲವನ್ನು ಹಿಡಿಯಿತು. ಎಲ್ಲೂ ಜಾರಲಿಲ್ಲ. ಎರಡನೆಯ ಸುತ್ತಿಗೆ ಮೊಣಕಾಲಿಗೆ ಧೈರ್ಯ ಬಂತು. ಮೂರನೆಯ ಸುತ್ತಿನಲ್ಲಿ ಯಾವಾಗಲೋ ಅತ್ತೆ ಕೈ ಬಿಟ್ಟಿದ್ದಳು, ನನಗೆ ಗೊತ್ತಾದದ್ದು ಅವಳು ಎದುರಿಗೆ ನಿಂತು ನಗುತ್ತಿದ್ದುದನ್ನು ಕಂಡಾಗ. ತಲೆಯ ಮೇಲೆ ಮಂಕರಿ ಹೊತ್ತು ನೇರ ನಡೆದು ಅಭ್ಯಾಸವಾಗಿದ್ದವಳಿಗೆ ಆ ಗಾಲಿಗಳ ಮೇಲೆ ನಿಲ್ಲುವುದು ಏನೂ ಹೆಚ್ಚಲ್ಲವೆಂದು ಆಗ ತಿಳಿಯಿತು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ನಿಲ್ಲಿಸುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಸೋಡಾ ಅಂಗಡಿಯವನ ಕಟಕಟೆಗೆ ಹೋಗಿ ನಿಂತೆ.

"ನಮಗೆ ಈ ಹುಡುಗಿ ಕೈಯೇ ಇರ್ಲಿ," ಎಂದರು ಪಾರುಪತ್ತೆಗಾರರು.

ನನ್ನನ್ನು ನೋಡಿದ ಮೇಲೆ ಸಾಹುಕಾರ ಗುರುವಾರ ಮಧ್ಯಾಹ್ನಗಳನ್ನು ಹೆಂಗಸರಿಗೆಂದೇ ಬಿಟ್ಟ. ಸುತ್ತ ಗೋಣಿತಾಟಿನ ಪರದೆ ಕಟ್ಟಿಸಿದ. ಪೇಟೆಯ ಲಿಂಗವಂತರ ಅಂಗಡಿ ಮನೆಯ ಸೊಸೆಯಂದಿರು, ಸ್ಟೇಷನ್ ಮಾಸ್ತರರ ಹೆಂಡತಿ, ನಮ್ಮ ಕಳಲೆಯ ಒಕ್ಕಲಗಿತ್ತಿಯರು, ಎಲ್ಲ ಒಬ್ಬರ ಸೆರಗು ಒಬ್ಬರು ಹಿಡಿದು ಸುತ್ತುತ್ತಿದ್ದೆವು. ಬಿದ್ದವರನ್ನು ಯಾವ ಜಾತಿಯೆಂದು ಕೇಳಿ ಎತ್ತುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಆ ಗುರುವಾರಗಳಿಗಾಗಿ ನಾನು ಆ ಗುಂಡುಮುಖದ ಮನುಷ್ಯನನ್ನು ಇಂದಿಗೂ ನೆನೆಯುತ್ತೇನೆ, ಅವನಿಗೆ ಪುಣ್ಯ ಬರಲಿ.

ತೋಟ ಮೂರೇ ವರ್ಷ ಬಾಳಿತು. ಪ್ಲೇಗಿನ ಹೆದರಿಕೆಗೆ ಊರಿಗೆ ಊರೇ ಹೊಲದ ಗುಡಿಸಲುಗಳಿಗೆ ಹೊರಟಾಗ ಜನ ಗುಂಪು ಸೇರುವುದೇ ನಿಂತಿತು. ಮರದ ಕುದುರೆಗಳು ಹುಲ್ಲಿನಲ್ಲಿ ಸುತ್ತಿಸಿಕೊಂಡು ಗೂಡ್ಸ್ ರೈಲು ಹತ್ತಿದವು. ತಗಡನ್ನು ಬಿಚ್ಚಿ ಒಯ್ದರು. ನೆಲವನ್ನು ಒಯ್ಯುವುದಕ್ಕಾಗಲಿಲ್ಲ. ಕೆಲವು ವರ್ಷ ಅದರ ಮೇಲೆ ಹುರುಳಿ ಒಣಗಿತು, ಆಮೇಲೆ ಮೇಲೊಂದು ಉಗ್ರಾಣ ಎದ್ದಿತು. ಎಲ್ಲವೂ ಹೋದ ಮೇಲೂ ಉಳಿದದ್ದು ಅತ್ತೆಯ ಮೇಲಿನ ಹಾಸ್ಯ. ಕಳಲೆಯಲ್ಲಿ ಯಾರಾದರೂ ಕೆಸರಲ್ಲಿ ಜಾರಿದರೆ, ಇಲ್ಲಿಗೂ ಆಯಮ್ಮನೇ ಎಣ್ಣೆ ಇಟ್ಟಳೇನೋ ಎನ್ನುತ್ತಿದ್ದರು. ಅವಳು ಸತ್ತ ಮೇಲೂ ಎನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ನರಸೀಪುರದ ಛತ್ರದ ಕೆಲಸಕ್ಕೆ ಹೋದಾಗ ನುಣುಪುಗಲ್ಲು ನನ್ನ ಕೈಯಲ್ಲಿತ್ತು. ನನ್ನ ಮಂಕರಿ ಯಾರಾದರೂ ಹೊರಬೇಕಲ್ಲ, ಅದನ್ನು ಅತ್ತೆ ಹೊತ್ತಳು. ತಲೆ ನರೆತ ಹೆಂಗಸು ಸುಣ್ಣ ಹೊತ್ತು ಹಲಗೆಯ ಮೇಲೆ ಹತ್ತಿ ಇಳಿಯುವುದನ್ನು ಇಡೀ ಬೇಸಿಗೆ ನೋಡಿದೆ. ಪಡಸಾಲೆ ಮುಗಿದ ದಿನ ಪಾರುಪತ್ತೆಗಾರರ ಹೆಂಡತಿ ನನಗೆ ಹಸಿರು ರವಿಕೆ ಕಣ ಕೊಟ್ಟರು. ಅದನ್ನು ಹೊಳೆದಂಡೆಗೆ ಒಯ್ದೆ. ಅತ್ತೆ ತಲೆಯ ಸುಣ್ಣ ತೊಳೆಯುತ್ತ ಕೂತಿದ್ದಳು. ಕಣವನ್ನು ಅವಳ ಮಡಿಲಿಗೆ ಹಾಕಿದೆ.

"ಇದು ನಿಮ್ದು. ನಾಳೆ ಓಗಿ ಅವ್ರಿಗೆ ಎಲ್ಲಾನೂ ಏಳ್ಬುಡ್ತೀನಿ ಅತ್ತೆ."

"ಏಳ್ಬ್ಯಾಡ," ಎಂದು ಅವಳು ಕಣವನ್ನು ಮಡಿಸಿ ನನ್ನ ಸೊಂಟಕ್ಕೆ ಸಿಕ್ಕಿಸಿದಳು. "ನಿನ್ನಂಗೆ ನಾನೂ ಒಂದ್ ನೆಲ ಕೆಡ್ಸಿದ್ದೆ ಕಣಮ್ಮಿ, ಸೊಸೆಯಾಗ್ ಬಂದ ವರ್ಸ. ನಮ್ಮತ್ತೆ ಎಲ್ರ ಮುಂದೆ ನನ್ ಎಸ್ರು ಏಳ್ಬುಟ್ಲು. ಏಳು ವರ್ಸ ಕಲ್ಲು ಮುಟ್ಟಕ್ಕೆ ಬುಡ್ನಿಲ್ಲ, ಬರೀ ಸುಣ್ಣ ಹೊರ್ಸುದ್ರು. ಅವತ್ತು ನಿನ್ ಕೈ ನೋಡ್ದಾಗ, ಆ ಏಳು ವರ್ಸ ಇನ್ನೊಂದ್ ಕೂಸಿಗೆ ಬ್ಯಾಡ ಅನ್ನುಸ್ತು. ಅಷ್ಟೇಯ."

ಆಮೇಲೆ ನೀರು ಹಾಕು ಎಂದು ತಲೆ ಬಗ್ಗಿಸಿದಳು. ಸುಣ್ಣ ಸುಟ್ಟ ಕಡೆ ನೆತ್ತಿಯಲ್ಲಿ ಕೂದಲು ಉದುರಿಹೋಗಿತ್ತು. ನಾನು ಅಳುತ್ತ ನೀರು ಹಾಕಿದೆ. ಸಾಯುವವರೆಗೂ ಅವಳಿಗೆ ಯಾರೂ ಕಡೆಯ ಕೈ ಕೊಡಲಿಲ್ಲ. ಅವಳಿದ್ದಷ್ಟು ದಿನ ಹೇಳಕೂಡದೆಂದು ಅಂದೇ ಆಣೆ ಹಾಕಿಸಿಕೊಂಡಳು, ನಾನು ಬಾಯಿ ಬಿಡಲಿಲ್ಲ. ಈಗ ನನ್ನ ಕೈಯಲ್ಲೇ ಬರೆಯುತ್ತಿದ್ದೇನೆ, ಓದಬಲ್ಲವರು ಕಳಲೆಯವರಿಗೆ ಓದಿ ಹೇಳಿ: ಆ ಎಣ್ಣೆ ಹಚ್ಚಿದವಳು ನಾನು.