ನ್ಯಾಮತಿಯ ಮೋಡದೊಳಗಿನ ಹಿಮ

ನಾನು ಮೋಡಗಳನ್ನು ಅಳೆಯುವ ಉಪಕರಣಗಳ ಜೊತೆ ಕೆಲಸ ಮಾಡುತ್ತೇನೆ. ಎರಡು ಎಂಜಿನ್ನಿನ ಒಂದು ಸಣ್ಣ ವಿಮಾನ. ಅದರ ರೆಕ್ಕೆಗಳ ಕೆಳಗೆ ಲೋಹದ ಕೊಳವೆಗಳು ತೂಗುತ್ತಿರುತ್ತವೆ. ಒಂದು ಕೊಳವೆಯ ಮೂತಿಯಲ್ಲಿ ಎರಡು ಕೊಂಬುಗಳಿವೆ, ಒಂದರಿಂದ ಇನ್ನೊಂದಕ್ಕೆ ಲೇಸರ್ ಬೆಳಕು ಹಾಯುತ್ತಿರುತ್ತದೆ. ವಿಮಾನ ಮೋಡದೊಳಗೆ ನುಗ್ಗಿದಾಗ ನೀರಹನಿಯೋ ಹಿಮದ ಹರಳೋ ಆ ಬೆಳಕಿಗೆ ಅಡ್ಡ ಬಂದರೆ ಅದರ ನೆರಳು ಒಳಗಿನ ಕಂಪ್ಯೂಟರಿನಲ್ಲಿ ಚಿತ್ರವಾಗಿ ಮೂಡುತ್ತದೆ. ಇನ್ನೊಂದು ಕೊಳವೆ ಹೊರಗಿನ ಗಾಳಿಯನ್ನು ಒಳಗೆಳೆದುಕೊಂಡು ಅದರಲ್ಲಿರುವ ದೂಳು, ಹೊಗೆಯ ಕಣಗಳನ್ನು ಎಣಿಸುತ್ತದೆ.

ಆ ಮಳೆಗಾಲ ವಿಮಾನ ನಮ್ಮ ಸೀಮೆಗೆ ಹತ್ತಿರದ ಒಂದು ಸಣ್ಣ ನಿಲ್ದಾಣದಲ್ಲಿ ಬೀಡುಬಿಟ್ಟಿತ್ತು. ನನ್ನ ಕೆಲಸವೆಲ್ಲ ನೆಲದ ಮೇಲೆ. ಬೆಳಿಗ್ಗೆ ಕೊಂಬುಗಳ ಗಾಜು ಒರೆಸಬೇಕು, ಅವು ಹೆಪ್ಪುಗಟ್ಟದಂತೆ ಬಿಸಿಮಾಡುವ ತಂತಿ ಸರಿಯಿದೆಯೇ ನೋಡಬೇಕು, ಬಾಗಿಲು ಮುಚ್ಚಿದ ಮೇಲೆ ಹಿಂದೆ ಸರಿದು ನಿಲ್ಲಬೇಕು. ಒಳಗೆ ಸೀಟುಗಳು ಕಡಿಮೆ. ಹಾರುವವರು ಹಾರುತ್ತಿದ್ದರು. ವಿಮಾನ ಚುಕ್ಕೆಯಾಗಿ ಮೋಡದಲ್ಲಿ ಕರಗುವವರೆಗೂ ನಾನು ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ನೋಡುತ್ತಿದ್ದೆ.

ಸಂಜೆ ಅಕ್ಕ ಫೋನ್ ಮಾಡುತ್ತಿದ್ದಳು. ಅವಳ ಮೊದಲ ಮಾತು ಒಂದೇ.

"ಇವತ್ತಾರ ವಿಮಾನ ಹತ್ತಿಸಿದರೇನು?"

"ಇಲ್ಲಕ್ಕ."

"ಮತ್ತೆ ನಿನ್ನ ಯಾಕೆ ಇಟ್ಕಂಡಾರೆ, ಗಾಜು ಒರಸಾಕಾ?"

"ಹೂಂ, ಗಾಜು ಒರಸಾಕೇ."

ನಗುತ್ತಿದ್ದಳು. ಆದರೆ ನಾನು ಹಾರಬೇಕೆಂಬ ಆಸೆ ನನಗಿಂತ ಅವಳಿಗೇ ಹೆಚ್ಚಿತ್ತು. ಅದಕ್ಕೆ ಕಾರಣ ಜಗಳೂರಿನಲ್ಲಿದೆ.

ನಾವು ಹುಟ್ಟಿದ್ದು ಜಗಳೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ಅಪ್ಪ ಕುರಿ ಸಾಕಿದ್ದ. ಅವ್ವ ತೀರಿಕೊಂಡಾಗ ನನಗೆ ಇನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲವಂತೆ. ಅಕ್ಕ ಶಾಲೆ ಬಿಟ್ಟಳು, ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡಳು. ಅಪ್ಪ ಸಂತೆಗೆ ಹೋದ ದಿನ ಕುರಿ ಮೇಯಿಸುವುದೂ ಅವಳೇ. ನಾವಿಬ್ಬರೂ ಗುಡ್ಡದ ಬಂಡೆಯ ಮೇಲೆ ಕೂತು ಪಡುವಣದ ಕಡೆ ನೋಡುತ್ತಿದ್ದೆವು. ಅಲ್ಲಿಂದ ಮೋಡಗಳು ಎಮ್ಮೆ ಹಿಂಡಿನ ಹಾಗೆ ಬರುತ್ತಿದ್ದವು. ನಮ್ಮ ತಲೆಯ ಮೇಲೆ ಬರುವ ಹೊತ್ತಿಗೆ ಬೆಳ್ಳಗೆ, ತೆಳ್ಳಗೆ ಆಗಿರುತ್ತಿದ್ದವು.

"ಎಲ್ಲಾನೂ ಹೊನ್ನಾಳಿ, ಚನ್ನಗಿರಿಯೋರಿಗೇ ಸುರುದು ಬರ್ತಾವೆ," ಅನ್ನುತ್ತಿದ್ದಳು ಅಕ್ಕ. "ಒಂದಿನ ನಾ ಮ್ಯಾಲೆ ಹೋಗಿ ನೋಡ್ತೀನಿ, ಅದರಾಗೆ ಏನು ಇಟ್ಕಂಡಾವೆ ಅಂತ."

ನಾನು ಮೇಲಿನ ತರಗತಿಗಳಿಗೆ ಹೋದ ಹಾಗೆ ಅವಳ ಆ ಮಾತು ನನ್ನ ಪಾಲಿಗೆ ಬಂತು. ಅದನ್ನು ಅವಳು ಕೊಟ್ಟಳೋ ನಾನು ತೆಗೆದುಕೊಂಡೆನೋ ತಿಳಿಯದು. ಅಷ್ಟರಲ್ಲಿ ಅವಳನ್ನು ನ್ಯಾಮತಿಗೆ ಮದುವೆ ಮಾಡಿ ಕೊಟ್ಟಿದ್ದರು. ಭಾವ ಹೊನ್ನಾಳಿಯಿಂದ ಬಸವಾಪಟ್ಟಣದ ಮೇಲೆ ಚನ್ನಗಿರಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಅವಳನ್ನು ಬಿಟ್ಟುಬರಲು ಹೋದಾಗ ಹೊನ್ನಾಳಿಯ ಸೇತುವೆಯ ಮೇಲೆ ಮೊದಲ ಬಾರಿ ಹೊಳೆ ನೋಡಿದೆ. ತುಂಬಿದ ತುಂಗಭದ್ರೆ. ಅಷ್ಟೊಂದು ನೀರನ್ನು ನೋಡಿ ಬೆರಗಾಗುವ ಬದಲು ನನಗೆ ಸಿಟ್ಟು ಬಂದಿತ್ತು. ಮೋಡಗಳು ಸಾಲದು ಅಂತ ಈ ಸೀಮೆ ನನ್ನ ಅಕ್ಕನನ್ನೂ ಇಟ್ಟುಕೊಳ್ಳುತ್ತಿದೆ ಅನ್ನಿಸಿತ್ತು. ಮನೆಗೆ ಮರಳಿದ ಮೇಲೆ ಅವಳ ಹಳೇ ದಾವಣಿಯನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದೆ. ಅಪ್ಪ ನೋಡಿಯೂ ನೋಡದ ಹಾಗೆ ಇದ್ದ.

ಒಂದು ಬೆಳಿಗ್ಗೆ ಹಾರಬೇಕಿದ್ದ ಸಹೋದ್ಯೋಗಿಗೆ ವಿಪರೀತ ನೆಗಡಿ. ಕಿವಿ ಕಟ್ಟಿದವರು ಅಷ್ಟು ಎತ್ತರಕ್ಕೆ ಹೋಗುವಂತಿಲ್ಲ. ನಮ್ಮ ತಂಡದ ಮುಖ್ಯಸ್ಥೆ, ನಾವೆಲ್ಲ ಮೇಡಂ ಅನ್ನುತ್ತಿದ್ದವರು, ನನ್ನ ಕಡೆ ತಿರುಗಿ, "ನೀವೇ ಹೋಗಿಬನ್ನಿ. ಉಪಕರಣ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು," ಎಂದರು. ಆ ದಿನದ ದಾರಿ ಹೊನ್ನಾಳಿ, ನ್ಯಾಮತಿ, ಚನ್ನಗಿರಿಗಳ ಮೇಲೆ ಹಾದು, ಪೂರ್ವಕ್ಕೆ ತಿರುಗಿ, ಜಗಳೂರಿನ ಒಣ ಸೀಮೆಯವರೆಗೆ. ಹಸಿ ನೆಲದ ಮೇಲಿನ ಮೋಡಕ್ಕೂ ಒಣ ನೆಲದ ಮೇಲಿನ ಮೋಡಕ್ಕೂ ಏನು ವ್ಯತ್ಯಾಸ ಎಂದು ನೋಡಬೇಕಿತ್ತು.

ಅಕ್ಕನಿಗೆ ಫೋನ್ ಮಾಡಿದೆ. ಹಾರುವ ದಾರಿಯನ್ನೂ ಹೇಳಿದೆ.

"ನಮ್ಮನಿ ಮ್ಯಾಲೆ ಬರ್ತೀಯೇನು?"

"ಹತ್ತಿರದಾಗೆ ಬರ್ತೀನಿ."

"ಹಂಗಾದ್ರೆ ತಾರಸಿ ಮ್ಯಾಲೆ ಅವ್ವನ ಕೌದಿ ಹಾಸ್ತೀನಿ. ಕೆಂಪು ಸೀರೆ ತುಂಡು ಜಾಸ್ತಿ ಐತೆ ಅದರಾಗೆ, ಎದ್ದು ಕಾಣ್ತೈತೆ."

"ಅಷ್ಟು ಎತ್ತರದಿಂದ ಕೌದಿ ಕಾಣಾದಿಲ್ಲಕ್ಕ. ಮೋಡ ಬ್ಯಾರೆ."

"ನಿಂಗೆ ಕಾಣದಿದ್ರೆ ಬ್ಯಾಡ ಬಿಡು. ನಾ ಹಾಸ್ತೀನಿ."

ಅವ್ವನ ಸೀರೆಗಳನ್ನು ಕತ್ತರಿಸಿ ಅಕ್ಕನೇ ಹೊಲಿದ ಕೌದಿ ಅದು. ಅವ್ವನ ಮುಖ ನನಗೆ ನೆನಪಿಲ್ಲ, ಆ ಬಟ್ಟೆಗಳ ಬಣ್ಣ ನೆನಪಿದೆ.

ವಿಮಾನ ಏರಿತು. ಕಿವಿಗೆ ಹೆಡ್‌ಫೋನು, ಎದುರಿಗೆ ಪರದೆ, ಮಗ್ಗುಲಲ್ಲಿ ಅಂಗೈ ಅಗಲದ ಕಿಟಕಿ. ಹೊನ್ನಾಳಿಯ ಹೊಳೆ ಕೆಂಪಗೆ, ಬಳುಕುತ್ತ ಕಂಡಿತು. ನ್ಯಾಮತಿ ಬರುತ್ತಿದೆ ಎಂದು ಗೊತ್ತಾಗಿ ಹಣೆಯನ್ನು ಗಾಜಿಗೆ ಒತ್ತಿದೆ. ಒಂದಷ್ಟು ಹಂಚಿನ ಮಾಡು, ಒಂದು ರಸ್ತೆ, ಹಸಿರು ಹೊಲದ ಅಂಚು ಕಂಡವು. ಅಷ್ಟರಲ್ಲೇ ಬೂದು ಬಣ್ಣ ಎಲ್ಲವನ್ನೂ ಮುಚ್ಚಿಬಿಟ್ಟಿತು. ಅಕ್ಕ ನನ್ನ ಕೆಳಗೆ ಎಲ್ಲೋ ತಲೆಯೆತ್ತಿ ನಿಂತಿದ್ದಳು. ನಮ್ಮಿಬ್ಬರ ನಡುವೆ ಇದ್ದದ್ದು ನಾವು ಚಿಕ್ಕಂದಿನಿಂದ ನೋಡುತ್ತ ಬಂದ ಮೋಡವೇ.

ವಿಮಾನ ಕುಲುಕುತ್ತ ಮೇಲೆ ಮೇಲೆ ಹೋಯಿತು. ಹೊರಗಿನ ಚಳಿ ನೀರು ಹೆಪ್ಪುಗಟ್ಟುವ ಮಟ್ಟವನ್ನು ದಾಟಿದರೂ ಪರದೆಯಲ್ಲಿ ಇನ್ನೂ ದುಂಡನೆಯ ಹನಿಗಳೇ. ಇದು ಮೋಡದ ವಿಚಿತ್ರ. ಅಷ್ಟು ಚಳಿಯಲ್ಲೂ ಹನಿ ಹನಿಯಾಗಿಯೇ ಉಳಿಯುತ್ತದೆ. ಹಿಮವಾಗಬೇಕಾದರೆ ಅದಕ್ಕೆ ಒಂದು ಆಸರೆ ಬೇಕು, ಬಹಳ ಸಲ ನೆಲದಿಂದ ಎದ್ದ ಒಂದು ದೂಳಿನ ಕಣ ಸಾಕು. ಇನ್ನಷ್ಟು ಏರಿದೆವು. ಪರದೆಯ ಮೇಲೆ ಮೊದಲ ಹರಳು ಬಂತು, ಸಣ್ಣ ಕಡ್ಡಿಯ ಹಾಗೆ. ಆಮೇಲೆ ಆರು ಮೂಲೆಯ ಬಿಲ್ಲೆ. ಆಮೇಲೆ ಒಂದರ ಹಿಂದೊಂದು, ಗರಿಯಂಥವು, ಚೂರಾದವು, ಅವರೆಕಾಳಿನಂತೆ ಗುಂಡಾದವು. ಕಿಟಕಿಗೆ ಮರಳು ಎರಚಿದ ಸದ್ದು. ಇದನ್ನು ನೋಡಬೇಕಾದವಳು ಕೆಳಗೆ ತಾರಸಿಯ ಮೇಲಿದ್ದಾಳೆ ಅನ್ನಿಸಿತು.

ಚನ್ನಗಿರಿ ಹತ್ತಿರ ಮೋಡ ಒಂದು ಕಡೆ ಹರಿದು ಸೂಳೆಕೆರೆ ಹೊಳೆಯಿತು. ಪೂರ್ವಕ್ಕೆ ತಿರುಗಿ ಕೆಳಗಿಳಿದೆವು. ಮೋಡಗಳು ಗಿಡ್ಡಗಾದವು, ಬಿಡಿಬಿಡಿಯಾದವು. ಹಿಮ ನಿಂತಿತು. ದೂಳಿನ ಲೆಕ್ಕ ಏರತೊಡಗಿತು. ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಪೈಲಟ್ ಸಾಹೇಬರು ಹೆಡ್‌ಫೋನಿನಲ್ಲಿ ಹಿಂದಿಯಲ್ಲಿ ಕೇಳಿದರು, "ನಿಮ್ಮ ಊರು ಇಲ್ಲೇ ಎಲ್ಲೋ ಅಂತ ಮೇಡಂ ಹೇಳ್ತಿದ್ದರಲ್ಲ?"

"ಬಲಗಡೆ, ಸರ್. ಆ ಕರೀ ಗುಡ್ಡದ ಮಗ್ಗುಲಲ್ಲಿ."

ಅವರು ವಿಮಾನವನ್ನು ಬಲಕ್ಕೆ ವಾಲಿಸಿದರು. ನಮ್ಮ ಬಂಡೆ ಯಾವುದೆಂದು ಗುರುತಾಗಲಿಲ್ಲ. ಅಪ್ಪ ತೀರಿಹೋಗಿ ಕೆಲವು ವರ್ಷವಾಗಿತ್ತು. ನಮ್ಮ ಕುರಿಹಟ್ಟಿಯಿದ್ದ ಜಾಗದಲ್ಲಿ ಮೆಕ್ಕೆಜೋಳದ ಹಸಿರು. ಪಕ್ಕದ ಹೊಲದಲ್ಲಿ ಯಾರದೋ ಕುರಿಹಿಂಡು, ಚೆಲ್ಲಿದ ಮಂಡಕ್ಕಿಯಂತೆ. ಅದರ ಜೊತೆಗೆ ಇರಬೇಕಾದ ಮನುಷ್ಯರು ಕಾಣಲಿಲ್ಲ, ಅಷ್ಟು ಎತ್ತರದಿಂದ ಮನುಷ್ಯರು ಕಾಣುವುದಿಲ್ಲ. ವಿಮಾನ ನೆಟ್ಟಗಾಯಿತು. ನಾನು ಪರದೆಯ ಕಡೆ ತಿರುಗಿದೆ.

ಮರಳುವಾಗ ರೆಕ್ಕೆಯ ಅಂಚಿಗೆ ಹಿಮ ಕಟ್ಟತೊಡಗಿತು. ಪೈಲಟ್ ಸಾಹೇಬರು ಇವತ್ತಿಗೆ ಸಾಕು ಎಂದು ತಗ್ಗಿನ ಬೆಚ್ಚನೆಯ ಗಾಳಿಗೆ ಇಳಿಸಿದರು. ನೆಲ ಮುಟ್ಟಿದ ಕೂಡಲೇ ಅಕ್ಕನಿಗೆ ಫೋನ್ ಹಚ್ಚಿದೆ.

"ಸದ್ದು ಕೇಳ್ತು," ಎಂದಳು. "ಕಾಣಲಿಲ್ಲ. ನೀ ಹೋದ ಮ್ಯಾಲೆ ಮಳೆ ಹೊಡೀತು ನೋಡು, ಕೌದಿ ಹಿಂಡಿದ್ರೆ ಬಕೀಟು ತುಂಬ್ತು. ನೀವೇ ಏನಾರ ಮಾಡಿದಿರೇನು?"

"ನಾವು ಮಾಡಾದಲ್ಲಕ್ಕ. ನೋಡಾದಷ್ಟೇ."

"ನೋಡಿದ್ಯಲ್ಲ. ಸಾಕು."

ನನಗೆ ಮತ್ತೆ ಸೀಟು ಸಿಗಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ವಿಮಾನವನ್ನು ಬೇರೆ ರಾಜ್ಯಕ್ಕೆ ಒಯ್ದರು. ಉಪಕರಣಗಳ ಹಿಂದೆ ನಾನೂ ಹೊರಟೆ. ಹೊರಡುವ ಮುಂಚೆ ನ್ಯಾಮತಿಗೆ ಹೋದೆ. ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಹರಳುಗಳ ಚಿತ್ರ ತೋರಿಸಿದೆ. ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಬಗ್ಗಿ ನೋಡಿದಳು.

"ಇದು ಎಲ್ಲಿದು?"

"ನಿಮ್ಮನಿ ಮ್ಯಾಲಿಂದು."

ಒಂದು ಗರಿಯಂಥ ಹರಳಿನ ಅಂಚಿನ ಮೇಲೆ, ಪರದೆಗೆ ತಾಗದ ಹಾಗೆ, ಬೆರಳು ಆಡಿಸಿದಳು. ಆಮೇಲೆ ಒಲೆ ಆರಿಸಿ, "ಊರಿಗೆ ಹೋಗಿ ಬರಾಣ ನಡಿ," ಎಂದಳು.

ಮರುದಿನ ದಾವಣಗೆರೆಯ ಮೇಲೆ ಜಗಳೂರಿಗೆ ಹೋದೆವು. ನಮ್ಮ ಹೊಲ ಈಗ ಬೇರೆಯವರದು, ಅವರ ಮನೆಯ ಹೆಂಗಸು ನೀರು ಕೊಟ್ಟು, "ಯಾರ ಪೈಕಿ ಆಯ್ತ್ರಿ ನೀವು?" ಎಂದು ಕೇಳಿದಳು. ಅಕ್ಕ ಅಪ್ಪನ ಹೆಸರು ಹೇಳಿದಳು. ಆಕೆಗೆ ಗೊತ್ತಿರಲಿಲ್ಲ. ಬೇಸರವೇನೂ ಆಗದವಳ ಹಾಗೆ ಅಕ್ಕ ನೀರು ಕುಡಿದು ಚೊಂಬು ತಿರುಗಿಸಿ ಕೊಟ್ಟಳು. ಗುಡ್ಡದ ಬುಡದವರೆಗೂ ನಡೆದೆವು. ಮೊಣಕಾಲು ನೋವಿನಿಂದ ಅವಳಿಗೆ ಹತ್ತಲಾಗಲಿಲ್ಲ. ಕೆಳಗೇ ಒಂದು ಬೇವಿನ ನೆರಳಲ್ಲಿ ಕೂತು ತಂದಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಅವ್ವ ಹೆಂಗಿದ್ದಳು ಎಂದು ಕೇಳಿದೆ. ಅಷ್ಟು ವರ್ಷ ಕೇಳಿರಲಿಲ್ಲ. ಅವಳು ಸಂಕೋಚದಿಂದ, "ನಂಗೂ ಮುಖ ಮರೀತಾ ಬಂದೈತೆ. ದನಿ ಐತೆ ಇನ್ನಾ," ಎಂದಳು.

ದಾವಣಗೆರೆಯಿಂದ ಹೊನ್ನಾಳಿಯ ಬಸ್ಸಿನಲ್ಲಿ ಅಕ್ಕ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ನನ್ನನ್ನು ಹೊತ್ತು ಬೆಳೆಸಿದವಳ ತಲೆಯ ಭಾರ ನನಗೆ ಗೊತ್ತೇ ಇರಲಿಲ್ಲ. ತೋಳು ಜೋಮು ಹಿಡಿದರೂ ಅಲುಗಲಿಲ್ಲ. ಕಂಡಕ್ಟರ್ ಹೊನ್ನಾಳಿ ಅಂತ ಕೂಗಿದಾಗ ನ್ಯಾಮತಿಯ ಬಸ್ಸು ಆಚೆ ಕಡೆ ಹೊರಡಲು ನಿಂತಿತ್ತು. ಎಬ್ಬಿಸಿದೆ.

"ಬಂದೇಬಿಡ್ತೇನು?" ಎಂದಳು, ಸೆರಗು ಸರಿಮಾಡಿಕೊಳ್ಳುತ್ತ. "ಇನ್ನೊಂದಿಷ್ಟು ದೂರ ಇರಬೇಕಿತ್ತು."